ಆರು ಹಸಿರು ಬಳೆ

ಮೇಲೂರಿನವರು ಕಾಲುವೆಗೆ ಮಣ್ಣು ತುಂಬಿಬಿಟ್ಟಿದ್ದರು. ಆಶ್ರಮದ ಬದನೆ ಸಸಿಗಳು ಬಾಡತೊಡಗಿದವು.

ಜಂಬಣ್ಣ ದೊಣ್ಣೆ ಹಿಡಿದು ಗುರುಗಳ ಮುಂದೆ ಬಂದು ನಿಂತ. ಶಿಷ್ಯರಲ್ಲೆಲ್ಲ ಹೆಚ್ಚು ತೋಳ್ಬಲದವನು ಅವನೇ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

"ಅಪ್ಪಣೆ ಕೊಡಿ. ನಾಲ್ಕು ಬಿಟ್ಟರೆ ನೀರು ತಾನಾಗಿ ಬರುತ್ತದೆ."

"ಮೊದಲು ಮಾತಾಡೋಣ."

"ಮಾತೇ? ಕೈಗೆ ಬಳೆ ತೊಟ್ಟುಕೊಂಡು ಕೂರಬೇಕೇ ನಾವು?"

"ತೊಟ್ಟುಕೋ," ಎಂದರು ಗುರುಗಳು. "ಕೂರಬೇಡ. ಅಡುಗೆಯ ಸಿದ್ಲಿಂಗವ್ವನ ಜೊತೆ ಸಂಜೆವರೆಗೆ ಕೆಲಸ ಮಾಡು. ಒಂದೂ ಒಡೆಯದೆ ಬಂದ ದಿನ ಅಪ್ಪಣೆ ಕೊಡುತ್ತೇನೆ."

ಬಳೆಗಾರ ಗೆಣ್ಣು ಹಿಂಡಿ ಹಿಂಡಿ ಆರು ಹಸಿರು ಬಳೆ ಏರಿಸಿದ. ಜಂಬಣ್ಣನ ಕಣ್ಣಲ್ಲಿ ನೀರು ಬಂತು.

"ಗಂಡಸರು ಅಳಬಾರದಂತಲ್ಲ, ಅಣ್ಣಾ," ಎಂದ ಬಳೆಗಾರ, ಮುಖ ಎತ್ತದೆ.

ಗಾಜಿಗೆ ಯಾರ ಮುಲಾಜೂ ಇಲ್ಲ. ಬಾವಿಯ ಹಗ್ಗ ಎಳೆದಾಗಲೇ ಮೂರು ಹೋದವು. ಉಳಿದವು ಒರಳಿನ ಹತ್ತಿರ. ಮಣಿಕಟ್ಟಿನಲ್ಲಿ ರಕ್ತ.

"ಒಡೆದುಹೋದವು," ಎಂದ ಜಂಬಣ್ಣ.

"ಒಡೆದವು ಅನ್ನಬಾರದಪ್ಪ. ಹೆಚ್ಚಿದವು ಅನ್ನು," ಎಂದಳು ಸಿದ್ಲಿಂಗವ್ವ.

ಅವಳ ಕೈಯಲ್ಲಿ ಎರಡು ಡಜನ್ ಬಳೆ. ಆ ಕೈ ನಲವತ್ತು ಜನಕ್ಕೆ ರುಬ್ಬುತ್ತಿತ್ತು, ನೀರು ಸೇದುತ್ತಿತ್ತು, ಕಟ್ಟಿಗೆ ಸೀಳುತ್ತಿತ್ತು. ಒಂದಕ್ಕೂ ಬಿರುಕಿಲ್ಲ.

"ಹೇಗವ್ವಾ?"

"ನೀನು ಇರೋ ಬಲವನ್ನೆಲ್ಲ ಸುರೀತೀಯ. ಕೆಲಸ ಅಷ್ಟು ಕೇಳಲ್ಲ."

ಮಾರನೆಯ ದಿನ ಮತ್ತೆ ಆರು ತೊಟ್ಟ. ಸಂಜೆಗೆ ಎರಡು ಉಳಿದವು. ಮೂರನೆಯ ದಿನ ಆರೂ ಉಳಿದವು. ಜಂಬಣ್ಣ ಕೈ ಮುಂದೆ ಚಾಚಿ, ಎದೆಯುಬ್ಬಿಸಿ ಬಂದ.

ಗುರುಗಳು ಒಂದೊಂದನ್ನೂ ಮುಟ್ಟಿ ನೋಡಿದರು. "ಕೊಟ್ಟ ಮಾತು ಕೊಟ್ಟದ್ದೇ. ದೊಣ್ಣೆ ಬಾಗಿಲ ಹಿಂದಿದೆ. ಬೆಳಿಗ್ಗೆ ಹೋಗು."

ಜಂಬಣ್ಣ ಬಾಗಿಲತ್ತ ನೋಡಿದ. ಕದಲಲಿಲ್ಲ.

"ಗುದ್ದಲಿ ಒಯ್ಯುತ್ತೇನೆ, ಗುರುಗಳೇ. ಮಾತಾಡಿ, ಅವರ ಜೊತೆಗೇ ಮಣ್ಣು ತೆಗೆದು ಬರುತ್ತೇನೆ."

"ಹಾಗಾದರೆ ಬಳೆ ತೆಗೆದಿಟ್ಟು ಹೋಗು. ಹೆಣ್ಣಿಗ ಅಂತಾರೆ."

"ಅನ್ನಲಿ. ನಲವತ್ತು ಜನಕ್ಕೆ ರುಬ್ಬಿ ಗೊತ್ತಿಲ್ಲದವರು ಏನಂದರೆ ನನಗೇನು?"

ಗುರುಗಳು ಎದ್ದರು. ತಮ್ಮ ಹೆಗಲ ಶಾಲು ತೆಗೆದು ಅವನಿಗೆ ಹೊದಿಸಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ಸಿದ್ಲಿಂಗವ್ವಾ, ಬೆಳಿಗ್ಗೆ ಬುತ್ತಿ ಕಟ್ಟು. ನಿನ್ನ ಶಿಷ್ಯ ಹೊರಟಿದ್ದಾನೆ."