ಶ್ಯಾವಿಗೆಯಂಥ ಕೋಶಗಳು

ನದಿಯ ದಂಡೆಯಲ್ಲೊಂದು ಪ್ರಯೋಗಶಾಲೆ. ಅಲ್ಲಿನ ಗಾಜಿನ ದೊಡ್ಡ ಪಾತ್ರೆಯೊಂದರಲ್ಲಿ, ಕಾಡಿನಲ್ಲಿ ಈಗ ಸಿಗದ ಒಂದು ಬಳ್ಳಿಯ ಜೀವಕೋಶಗಳು ಸಕ್ಕರೆನೀರು ಕುಡಿದು ಬೆಳೆಯುತ್ತಿದ್ದವು. ಬೇರೆಲ್ಲೂ ಅವು ಉಳಿದಿರಲಿಲ್ಲ.

ಅವನ್ನು ನೋಡಿಕೊಳ್ಳುತ್ತಿದ್ದವನು ಕೊಟ್ರೇಶ. ಅವನಿಗೆ ಕಲಿಸುತ್ತಿದ್ದವರು ವಿಶಾಲಾಕ್ಷಿ ಮೇಡಂ.

ಒಂದು ಮಧ್ಯಾಹ್ನ ಅವನು ಓಡಿಬಂದ.

"ಮೇಡಂ, ಪಾತ್ರೆಯಲ್ಲಿರೋದೆಲ್ಲ ಗಂಜಿಯಾಗಿದೆ. ಗಾಳಿ ಎಲ್ಲಾ ಕಡೆ ಹೋಗ್ತಿಲ್ಲ. ಕೋಶಗಳು ಸಾಯ್ತಿವೆ."

"ನೀನೇನು ಮಾಡಿದೆ?"

"ಕಲಕೋ ರೆಕ್ಕೆಯ ವೇಗ ಹೆಚ್ಚಿಸಿದೆ. ಇನ್ನೂ ಗಟ್ಟಿಯಾಯ್ತು. ಮತ್ತೆ ಹೆಚ್ಚಿಸಿದೆ."

"ಪುಣ್ಯಾತ್ಮ," ಎಂದರು ಮೇಡಂ, ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ. "ಊಟ ಆಯ್ತಾ?"

"ಊಟಾನಾ? ಮೇಡಂ, ಅಲ್ಲಿ..."

ಅವರು ತಮ್ಮ ಡಬ್ಬಿಯನ್ನು ಅವನ ಮುಂದೆ ತಳ್ಳಿದರು. ಬೆಳಗಿನ ಶ್ಯಾವಿಗೆ ಪಾಯಸ, ಆರಿ ಗಟ್ಟಿಯಾಗಿತ್ತು.

"ಕಲಕು."

ಚಮಚದ ಸುತ್ತ ಮಾತ್ರ ಪಾಯಸ ಅಲುಗಿತು. ಅಂಚಿನದು ಕೂತಲ್ಲೇ ಕೂತಿತ್ತು.

"ಜೋರಾಗಿ."

ಜೋರಾಗಿ ಕಲಕಿದ. ಚಮಚದ ಸುತ್ತಲಿನ ಎಳೆಗಳು ತುಂಡಾಗಿ ಅಂಟಿನಂತಾದವು. ಅಂಚಿನದು ಹಾಗೇ ಇತ್ತು.

ಕೊಟ್ರೇಶ ಚಮಚ ಕೆಳಗಿಟ್ಟ.

"ನಮ್ಮ ಕೋಶಗಳು ದುಂಡಗಿದ್ದವಲ್ಲ ಮೇಡಂ. ಸಬ್ಬಕ್ಕಿ ಥರ ಉರುಳ್ತಿದ್ದವು."

"ಎಳೆಯವಿದ್ದಾಗ. ಅರ್ಧ ತೆಗೆದು ಹೊಸ ನೀರು ಹಾಕು ಅಂತ ಹೋದ ವಾರವೇ ಹೇಳಿದ್ದೆ."

"ತೆಗೆಯೋಕೆ ಮನಸ್ಸು ಬರಲಿಲ್ಲ. ಇನ್ನಷ್ಟು ಬೆಳೀಲಿ ಅಂತ ಬಿಟ್ಟೆ."

"ಬೆಳೆದವಲ್ಲ. ಉದ್ದುದ್ದ ಬೆಳೆದು ಒಂದಕ್ಕೊಂದು ಸಿಕ್ಕು ಹಾಕ್ಕೊಂಡವು."

ಮೇಡಂ ಮೊಣಕಾಲು ಹಿಡಿದುಕೊಂಡು ಎದ್ದರು.

"ಎಷ್ಟೋ ದೇಶ ಸುತ್ತಿ ಇದೇ ಪಾಠ ಹೇಳಿದ್ದೀನಿ ಕಣೋ. ಎಲ್ಲಿ ಹೋದರೂ ಹುಡುಗರು ಮೊದಲು ಕೈ ಹಾಕೋದು ವೇಗದ ಗುಂಡಿಗೇ."

ಪಾತ್ರೆಯ ಬಳಿ ಹೋಗಿ ವೇಗ ತಗ್ಗಿಸಿದರು. ಕೆಳಗಿನ ನಲ್ಲಿ ತಿರುಗಿಸಿದರು. ಗಂಜಿ ನಿಧಾನಕ್ಕೆ ಬಕೆಟ್ಟಿಗೆ ಇಳಿಯತೊಡಗಿತು.

ಕೊಟ್ರೇಶನಿಗೆ ನೋಡಲಾಗಲಿಲ್ಲ. "ಅರ್ಧ ಚೆಲ್ಲಿಬಿಟ್ರೆ ಉಳಿಯೋದೇನು ಮೇಡಂ?"

"ಅರ್ಧ."

ಹೊಸ ಸಕ್ಕರೆನೀರು ಕೊಳವೆಯಲ್ಲಿ ಇಳಿಯಿತು. ಇಬ್ಬರೂ ಗಾಜಿನೊಳಗೆ ನೋಡುತ್ತ ನಿಂತರು. ಬಹಳ ಹೊತ್ತಿನ ಮೇಲೆ, ಗಾಜಿನ ಅಂಚಿನಲ್ಲಿ ಅಂಟಿಕೊಂಡಿದ್ದ ಗಾಳಿಗುಳ್ಳೆಯೊಂದು ಕದಲಿತು.

ಕೊಟ್ರೇಶನ ಕೈ ತಾನಾಗಿ ವೇಗದ ಗುಂಡಿಯ ಕಡೆ ಹೋಯಿತು.

ಮೇಡಂ ಆ ಕೈಗೆ ತಮ್ಮ ಜೊತೆ ತಂದಿದ್ದ ಪಾಯಸದ ಡಬ್ಬಿ ಕೊಟ್ಟರು.

"ಹಾಗಾದ್ರೆ ಎಷ್ಟು ನಿಧಾನ ಇರಬೇಕು ಮೇಡಂ?"

"ನಿನಗೆ ಬೇಜಾರಾಗಿ, ಕಿಟಕಿಯಾಚೆ ನದಿ ನೋಡೋವಷ್ಟು."