ವಂಕಿ ತೊಟ್ಟ ವರ್ತಕ

"ಗುರುಗಳೇ, ಗಂಡಸು ಒಡವೆ ತೊಡುವುದನ್ನು ಯಾವುದರಿಂದ ಆರಂಭಿಸಬೇಕು?" ಎಂದು ಶಿಷ್ಯ ಕೇಳಿದನು.

ಶಿಷ್ಯನಿಗೆ ಮದುವೆ ಗೊತ್ತಾಗಿತ್ತು. ಹೆಣ್ಣಿನ ಊರಿನಲ್ಲಿ ಗಂಡಸರೆಲ್ಲ ಒಡವೆ ತೊಡುವವರು. ಧಾರೆಯ ದಿನ ಮದುಮಗಳ ಮೈಮೇಲಿನ ಒಂದು ಒಡವೆಯನ್ನು ಬಿಚ್ಚಿ ಮದುಮಗ ತೊಡಬೇಕು, ಆಮೇಲೆ ಸಾಯುವ ತನಕ ತೆಗೆಯಬಾರದು. ಅದು ಅಲ್ಲಿಯ ರೂಢಿ. ಯಾವ ಒಡವೆ ಬೇಕೆಂದು ಬೀಗರು ಕೇಳಿ ಕಳಿಸಿದ್ದರು. ಉಂಗುರ ಸಾಕೆಂದರೆ ಅಂಜುಬುರುಕನೆಂದು ನಗುತ್ತಾರೆ, ಸರ ಬೇಕೆಂದರೆ ಆಸೆಬುರುಕನೆಂದು ಆಡಿಕೊಳ್ಳುತ್ತಾರೆ ಎಂದು ಹುಡುಗ ಪೇಚಿಗೆ ಸಿಕ್ಕಿದ್ದನು.

"ಆ ರೂಢಿ ಹೇಗೆ ಬಂತೆಂದು ಹೇಳಿದರೇ?" ಎಂದರು ಗುರುಗಳು.

"ಹೆಂಡತಿಯ ಮೇಲಿನ ಪ್ರೀತಿಯ ಗುರುತಂತೆ. ಹಿಂದೆ ಯಾರೋ ಒಬ್ಬ ವರ್ತಕನಿಂದ ಆರಂಭವಾಯಿತಂತೆ."

"ಹಾಗಾದರೆ ಆ ವರ್ತಕ ಯಾವುದರಿಂದ ಆರಂಭಿಸಿದನೆಂದು ಕೇಳು," ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದನು. ಹುಟ್ಟಿದ ಊರಿನಲ್ಲಿ ವ್ಯಾಪಾರ ಅವನ ಕೈಹಿಡಿಯಲಿಲ್ಲ. ಘಟ್ಟದ ಕೆಳಗಿನ ಊರಿನಲ್ಲಿ ಹೊಸದಾಗಿ ಅಂಗಡಿ ಇಡೋಣವೆಂದು ಹೆಂಡತಿಯನ್ನು ಕರೆದುಕೊಂಡು ಹೊರಟನು. ಅವಳು ತವರಿನಿಂದ ತಂದ ಒಡವೆಗಳೇ ಅವರ ಪಾಲಿಗಿದ್ದ ಬಂಡವಾಳ. ಘಟ್ಟದ ದಾರಿಯಲ್ಲಿ ಕಳ್ಳರ ಕಾಟ.

ಆ ಕಾಲದಲ್ಲಿ ಆ ಸೀಮೆಯ ಗಂಡಸರು ಚಿನ್ನವನ್ನು ತೂಗುತ್ತಿದ್ದರು, ಮಾರುತ್ತಿದ್ದರು, ತೊಡುತ್ತಿರಲಿಲ್ಲ. ಕಳ್ಳರು ಹೆಂಗಸಿನ ಮೈ ನೋಡುತ್ತಾರೆ, ಗಂಡಸಿನ ಗಂಟು ನೋಡುತ್ತಾರೆ. ಗಂಡಸಿನ ಮೈ ನೋಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ಒಡವೆಯೆಲ್ಲ ತನ್ನ ಮೈಮೇಲಿರಲಿ ಎಂದು ವರ್ತಕ ಹೇಳಿದನು. ಉಪಾಯವೇನೋ ಚೆನ್ನಾಗಿಯೇ ಇತ್ತು.

ಅವಳು ಒಂದೊಂದಾಗಿ ಬಿಚ್ಚಿ ತಾನೇ ಅವನಿಗೆ ತೊಡಿಸಿದಳು. ವಂಕಿಯನ್ನು ತೋಳಿಗೆ ಏರಿಸಿದಳು. ಬಳೆ, ಓಲೆಗಳನ್ನು ಸರಕ್ಕೆ ಪೋಣಿಸಿ ಅವನ ಕೊರಳಿಗೆ ಹಾಕಿ, ಸದ್ದಾಗದಂತೆ ಹಳೆಯ ಸೀರೆಯ ತುಂಡಿನಿಂದ ಎದೆಗೆ ಬಿಗಿದಳು. ಮೇಲೆ ದಪ್ಪನೆಯ ಅಂಗಿ. ತಾನು ಚಿನ್ನದ ತಾಳಿಯ ಬದಲು ದಾರಕ್ಕೆ ಅರಿಸಿನದ ಕೊಂಬು ಕಟ್ಟಿಕೊಂಡಳು. ಕಿವಿಯ ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ನೋಡಿದವರು ಕೂಲಿಯವಳೆನ್ನಬೇಕು, ಹಾಗೆ ಕಾಣಿಸಿದಳು.

"ನನಗಿಂತ ನಿಮಗೇ ಒಪ್ಪುತ್ತೆ," ಎಂದು ಅವಳು ನಕ್ಕಳು. "ಊರು ಸೇರಿದ ಮೇಲೆ ಹಿಂದಕ್ಕೆ ಕೊಡ್ತೀರಿ ತಾನೆ?"

"ನಿನ್ನ ತವರಿನ ಚಿನ್ನ ನನಗೇಕೆ ಮಾರಾಯ್ತಿ? ಘಟ್ಟ ಇಳಿದ ಕೂಡಲೇ ನೀನೇ ಬಿಚ್ಚಿಕೋ," ಎಂದನು ವರ್ತಕ.

ಅವನು ಹಾಗೆ ಹೇಳಿದಾಗ ಅದು ಸುಳ್ಳಾಗಿರಲಿಲ್ಲ. ದಾರಿ ನಡೆದಂತೆ ಎದೆಯ ಮೇಲಿನ ಭಾರ ಅವನಿಗೆ ಹಿತವಾಗತೊಡಗಿತು. ಬೆನ್ನು ನೆಟ್ಟಗಾಯಿತು. ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದನು.

ಘಟ್ಟದ ನಡುವೆ ಕಳ್ಳರು ಅಡ್ಡಗಟ್ಟಿದರು. ಗಂಟು ಬಿಚ್ಚಿ ನೋಡಿದರು, ಅವನ ಸೊಂಟದ ಚೀಲ ಕಿತ್ತುಕೊಂಡರು. ಬಡವರೆಂದು ಬಿಟ್ಟುಬಿಡುತ್ತಿದ್ದರೋ ಏನೋ. ಅಷ್ಟರಲ್ಲಿ ಅವರ ಮುಖಂಡ ಅವಳ ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿದನು. ಕಿವಿಯಲ್ಲಿ ಬೇವಿನ ಕಡ್ಡಿಯೇನೋ ಇತ್ತು. ಆದರೆ ಆ ಕಿವಿ ವರ್ಷಗಟ್ಟಲೆ ಭಾರದ ಓಲೆ ಹೊತ್ತು ಜೋತುಬಿದ್ದಿತ್ತು. ಮುಂಗೈ ಹಿಡಿದು ನೋಡಿದನು. ಬಳೆಯಿದ್ದ ಜಾಗದಲ್ಲಿ ಚರ್ಮ ಬಿಸಿಲು ಕಾಣದೆ ಬಿಳಿಚಿಕೊಂಡಿತ್ತು. ಚಿನ್ನವನ್ನು ಬಿಚ್ಚಿದ್ದರು, ಅದರ ಗುರುತನ್ನು ಬಿಚ್ಚುವುದು ಗಂಡಹೆಂಡಿರಿಬ್ಬರಿಗೂ ಹೊಳೆದಿರಲಿಲ್ಲ.

"ಇವಳಿಗೆ ಚಿನ್ನವೆಂಬುದೇ ಇಲ್ಲ. ನಾವು ಬಡವರು," ಎಂದನು ವರ್ತಕ.

"ಇವಳ ಕಿವಿ ಬೇರೆ ಹೇಳುತ್ತಿದೆ," ಎಂದನು ಮುಖಂಡ. "ಎಲ್ಲಿ ಹೂತಿಟ್ಟಿದ್ದೀರಿ? ತೋರಿಸಿದರೆ ಇಬ್ಬರೂ ಹೋಗಿ. ಇಲ್ಲವಾದರೆ ನೀನೊಬ್ಬನೇ ಹೋಗು. ಇವಳು ಇಲ್ಲೇ ಉಳಿಯಲಿ."

ಭಯದಲ್ಲಿ ಆಡಿದ ಮೊದಲ ಸುಳ್ಳನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಈಗ ದಾರಿ ಎದುರಿಗೇ ಇತ್ತು. ಅಂಗಿಯ ಗುಂಡಿ ಬಿಚ್ಚಿದರೆ ಸಾಕು. ಹೆಂಡತಿ ಗಂಡನ ಮುಖ ನೋಡಿದಳು. ಅವಳೇ ಹೇಳಿಬಿಡಬಹುದಾಗಿತ್ತು. ಹೇಳಿದರೆ, ಮೋಸ ಮಾಡಿದನೆಂದು ಅವನನ್ನು ಅಲ್ಲೇ ಕಡಿದು ಹಾಕಿಯಾರು ಎಂದು ಹೆದರಿದಳು. ಅವನಾಗಿ ಬಿಚ್ಚಿಕೊಟ್ಟರೆ ಇಬ್ಬರೂ ಉಳಿಯುತ್ತೇವೆ ಎಂದು ಬಾಯಿ ಮುಚ್ಚಿಕೊಂಡು ಕಾದಳು.

ವರ್ತಕ ಬಾಯಿ ತೆರೆದನು. ಕೈ ಎದೆಯವರೆಗೆ ಹೋಯಿತು. ಅಲ್ಲಿ ಚಿನ್ನ ಬೆಚ್ಚಗಿತ್ತು. ಕೈ ಅಲ್ಲೇ ಉಳಿಯಿತು.

"ಇಲ್ಲದ್ದನ್ನು ಎಲ್ಲಿಂದ ತರಲಿ?" ಎಂದನು.

ಕಳ್ಳರು ಅವನನ್ನು ದಬ್ಬಿದರು. ಅವನು ನಡೆದನು. ಅವಳು ಎಂದೂ ಗಂಡನ ಹೆಸರು ಹಿಡಿದು ಕರೆದವಳಲ್ಲ. ಅಂದು ಹೆಸರು ಹಿಡಿದು ಕೂಗಿದಳು. ವರ್ತಕ ಎದೆಗೆ ಕೈ ಒತ್ತಿಕೊಂಡು ತಿರುವು ದಾಟಿದನು.

ಘಟ್ಟದ ಕೆಳಗಿನ ಊರಿನ ಬಾವಿಕಟ್ಟೆಯ ಬಳಿ ಅವನು ಬವಳಿ ಬಂದು ಬಿದ್ದನು. ನೀರಿಗೆ ಬಂದಿದ್ದವರು ಗಾಳಿಯಾಡಲೆಂದು ಅಂಗಿ ಬಿಚ್ಚಿದರು. ಒಳಗೆ ಹೆಣ್ಣಿನ ಒಡವೆಗಳಿದ್ದವು.

"ಯಾರದಪ್ಪಾ ಇದು?" ಎಂದು ಒಬ್ಬ ಮುದುಕಿ ಕೇಳಿದಳು.

ಆ ಊರಿನಲ್ಲಿ ಕೋಲು ಹಿಡಿದು ಹೊರಡಬಲ್ಲ ಗಂಡಸರು ಬೇಕಾದಷ್ಟಿದ್ದರು. ಘಟ್ಟದಲ್ಲಿ ನನ್ನ ಹೆಂಡತಿ ಇದ್ದಾಳೆ ಎಂದಿದ್ದರೆ ಎಲ್ಲರೂ ಓಡುತ್ತಿದ್ದರು. ಓಡುವ ಮೊದಲು, ಚಿನ್ನ ನಿನ್ನ ಮೈಮೇಲೇ ಇತ್ತಲ್ಲ ಎಂದು ಯಾರಾದರೂ ಕೇಳಿಯೂ ಕೇಳುತ್ತಿದ್ದರು.

"ನನ್ನ ಹೆಂಡತಿಯದು. ದಾರಿಯಲ್ಲಿ ತೀರಿಕೊಂಡಳು," ಎಂದನು ವರ್ತಕ.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸತ್ತವಳ ಒಡವೇನ ಎದೆಗೆ ಕಟ್ಟಿಕೊಂಡು ಬಂದಿದಾನೆ. ಇಂಥ ಗಂಡ ಯಾರಿಗೆ ಸಿಗ್ತಾನೆ," ಎಂದಳು.

ಆ ಮಾತು ಊರೆಲ್ಲ ಹಬ್ಬಿತು. ಸರ, ಬಳೆ, ಓಲೆಗಳು ಸದ್ದಿಲ್ಲದೆ ಅಂಗಡಿಯಾದವು. ವಂಕಿ ಮಾತ್ರ ತೋಳಿನಲ್ಲಿ ಉಳಿಯಿತು. ಅದನ್ನೂ ತೆಗೆದರೆ ಜನ ಏನೆಂದುಕೊಂಡಾರು? ಹೆಂಡತಿಯನ್ನು ಹೀಗೆ ನೆನೆಯುವವನು ತೂಕದಲ್ಲಿ ಮೋಸ ಮಾಡುತ್ತಾನೆಯೇ ಎಂದು ಗಿರಾಕಿಗಳು ಅವನ ಅಂಗಡಿಗೇ ಬಂದರು. ಹೆಂಗಸರು ತಂತಮ್ಮ ಗಂಡಂದಿರ ಎದುರು ಅವನ ಮಾತೆತ್ತಿ ನಿಟ್ಟುಸಿರು ಬಿಟ್ಟರು. ಗಂಡಂದಿರಿಗೆ ಇರುಸುಮುರುಸಾಯಿತು. ನಮಗೇನು ಪ್ರೀತಿ ಕಡಿಮೆಯೇ ಎಂದು ಒಬ್ಬ ಹೆಂಡತಿಯ ಉಂಗುರ ತೊಟ್ಟನು, ಇನ್ನೊಬ್ಬ ಸರ ಹಾಕಿಕೊಂಡನು. ಮೊದಲು ಒಂದು ಒಡವೆ, ಆಮೇಲೆ ಇನ್ನೊಂದು. ಈಗ ಆ ಊರಿನಲ್ಲಿ ಗಂಡಸರ ಕೊರಳು ಫಳಫಳ ಎನ್ನುತ್ತದೆ, ಹೆಣ್ಣುಮಕ್ಕಳ ಕೈಯಲ್ಲಿ ಗಾಜಿನ ಬಳೆ. ಪ್ರೀತಿ ಹೆಚ್ಚಾಯಿತೆಂದು ಎಲ್ಲರೂ ಹೇಳುತ್ತಾರೆ.

ವರ್ತಕನಿಗೆ ವಯಸ್ಸಾಯಿತು. ಮೈ ತುಂಬಿ ತೋಳು ದಪ್ಪವಾಯಿತು. ವಂಕಿ ಮಾಂಸಕ್ಕೆ ಕಚ್ಚಿ ಕೀವಾಯಿತು. ಕತ್ತರಿಸಿ ತೆಗೆಯಲು ಅಕ್ಕಸಾಲಿಗನನ್ನು ಕರೆಸಿದರೆ, ಊರಿನ ಹಿರಿಯರು ಅವನನ್ನು ಬಾಗಿಲಲ್ಲೇ ತಡೆದರು. ಅದು ಬರಿಯ ಒಡವೆಯಲ್ಲ, ಊರಿನ ಮರ್ಯಾದೆ ಎಂದರು. ತೆಗೆಯಿರಿ ಎಂದು ವರ್ತಕ ಅಂಗಲಾಚಿದನು. ಜ್ವರದಲ್ಲಿ ಬಡಬಡಿಸುತ್ತಿದ್ದಾನೆ ಎಂದು ಸಮಾಧಾನ ಹೇಳಿದರು. ತೋಳು ಕಪ್ಪಾಗಿ ಅವನು ಸತ್ತನು. ವಂಕಿಯ ಸಮೇತ ಸುಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಬರಿಯ ತೋಳನ್ನು ಉಜ್ಜಿಕೊಂಡನು. ಆಮೇಲೆ ಅವನಿಗೆ ಒಂದು ಸಂಶಯ ಬಂತು.

"ಗುರುಗಳೇ, ಘಟ್ಟದಲ್ಲಿ ನಡೆದದ್ದನ್ನು ವರ್ತಕ ಯಾರಿಗೂ ಹೇಳಲಿಲ್ಲ. ಅವಳೋ ಸತ್ತಳು. ಮತ್ತೆ ನಿಮಗೆ ಹೇಗೆ ತಿಳಿಯಿತು?"

"ಅವಳು ಸತ್ತಳೆಂದು ಊರಿಗೆ ಹೇಳಿದವನು ಅವನು, ಈ ಕತೆಯನ್ನು ನನಗೆ ಹೇಳಿದವಳು ಅವಳು," ಎಂದರು ಗುರುಗಳು.