ಕೆಂಚವ್ವನ ಪುಟ್ಟ ಹರಿಗೋಲು

ಕಾಲು ಒಳಗೆ ಎಳ್ಕೊ, ಕೌದಿ ಹೊದ್ಕೊ. ನಡುನಡುವೆ ಹೂಂ ಅಂತಿರಬೇಕು ಮತ್ತೆ, ನೀನು ಹೂಂ ಅನ್ನದಿದ್ರೆ ಕತೆ ನಡುಹೊಳೇಲೇ ನಿಂತುಬಿಡ್ತದೆ. ಕೇಳು. ಒಂದಾನೊಂದು ಕಾಲದಲ್ಲಿ, ನಮ್ಮ ಹೊಳೆಗೆ ಸೇತುವೆ ಅನ್ನೋದು ಯಾರ ಕನಸಿಗೂ ಬರದಿದ್ದ ಕಾಲದಲ್ಲಿ, ಕಲ್ಲುಬಂಡೆಗಳ ನಡುವೆ ಒಂದು ಅಂಬಿಗರ ಊರಿತ್ತಂತೆ. ಆ ಊರಲ್ಲಿ ಭರಮಣ್ಣ ಅಂತ ಒಬ್ಬ ಅಂಬಿಗ, ಕೆಂಚವ್ವ ಅಂತ ಅವನ ಹೆಂಡತಿ. ಅವರಿಗೆ ಮೂರು ಮಕ್ಕಳು. ದೊಡ್ಡವ ಕರಿಯಪ್ಪ, ನಡುವಿನವ ಜಡೆಯಪ್ಪ, ಕಡೆಗೆ ಹುಟ್ಟಿದ ಮಗಳು ಹುಲಿಗಿ.

ಹರಿಗೋಲು ನೀನು ನೋಡಿದ್ದೀಯಲ್ಲ, ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆ ಬುಟ್ಟಿ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕೋದು ಬಿಟ್ರೆ ಸಾಕು, ತನ್ನಷ್ಟಕ್ಕೆ ತಾನು ಸುತ್ತೋಕೆ ಶುರು ಮಾಡ್ತದೆ. ಹಂಗೆ ಸುತ್ತಗೊಡದೆ ಈ ದಡದಿಂದ ಆ ದಡಕ್ಕೆ ನೂಲು ಹಿಡಿದಂಗೆ ಒಯ್ಯೋನೇ ಅಂಬಿಗ. ಹರಿಗೋಲು ಸುತ್ತಿತು ಅಂದ್ರೆ ಅವನ ಮೀಸೆ ಮಣ್ಣಾಯ್ತು ಅಂತಲೇ ಲೆಕ್ಕ. ಅವನ ಹರಿಗೋಲಿಗೆ ಜನ ಹತ್ತೋರಲ್ಲ, ಅವನ ಮನೆಗೆ ಹೆಣ್ಣು ಕೊಡೋರಲ್ಲ. ಊರ ಕೆಳಗೆ, ದೊಡ್ಡ ಬಂಡೆಗಳ ಮರೇಲಿ, ನಡುಮಡು ಅಂತ ಒಂದು ಜಾಗ ಇತ್ತಂತೆ. ಅಲ್ಲಿನ ನೀರು ಮುಳುಗಿಸೋ ಅಂಥದ್ದಲ್ಲ, ಮೆಲ್ಲಗೆ ಸುತ್ತೋ ಅಂಥದ್ದು. ಹೋದ ಹರಿಗೋಲು ತಿರುಗದೆ ಬರೋದಿಲ್ಲ ಅಂತ ಯಾವ ಅಂಬಿಗನೂ ಆ ಕಡೆ ತಲೆ ಹಾಕ್ತಿರಲಿಲ್ಲವಂತೆ.

ಹೂಂ ಅನ್ನು. ಹಾಂ, ಹಂಗೆ.

ಆಮೇಲೆ ಒಂದು ದಿನ ಕೆಂಚವ್ವ ಗಂಡನಿಗೆ ಹೇಳಿದ್ಲಂತೆ, ನೋಡ್ರಿ, ಮದುವೆಯಾಗಿ ಬಂದಾಗಿಂದ ಹರಿಗೋಲು ಹತ್ತೀನಿ, ಸಂತೆಗೆ ಹತ್ತೀನಿ, ಹೆರಿಗೆಗೆ ಹತ್ತೀನಿ, ಸಾವಿಗೆ ಹತ್ತೀನಿ, ಸುಮ್ನೆ ಅಂತ ಒಂದು ದಿನ ಹತ್ತಿಲ್ಲ, ನನಗೊಂದು ಎಲ್ಲಿಗೂ ಹೋಗದ ಹರಿಗೋಲು ಮಾಡ್ಕೊಡ್ರಿ ಅಂತ. ಭರಮಣ್ಣ ನಕ್ಕ, ಇವಳಿಗೇನು ಹುಚ್ಚೋ ಅಂದ, ಅಂದರೂ ಮಾಡಿಕೊಟ್ಟ. ಹೆಂಡತಿ ಅಂದ್ರೆ ಅವನಿಗೆ ಜೀವ. ಒಂದೇ ತೊಗಲಿನದು, ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗಬೇಕು, ಅಷ್ಟು ಪುಟ್ಟದು. ಕೊಡೆ ಹಿಡಿದಂಗೆ ತಲೆ ಮೇಲೆ ಬೋರಲು ಇಟ್ಕೊಂಡು ಒಬ್ಬರೇ ಹೊರಬಹುದಿತ್ತಂತೆ. ಕೆಂಚವ್ವ ಅದಕ್ಕೊಂದು ಕಟ್ಟು ಮಾಡಿದ್ಲು, ಈ ಹರಿಗೋಲಿಗೆ ಹೊರೆ ಹೇರಬಾರದು, ಕೂಲಿಗೆ ಬಿಡಬಾರದು, ಒಂದು ಹಿಡಿ ಸೌದೆನೂ ಇಡಬಾರದು.

ಅದನ್ನ ಅವಳು ನೋಡ್ಕೊಂಡ ಚಂದ ಏನು ಹೇಳಲಿ. ವಾರಕ್ಕೊಮ್ಮೆ ಹೊಂಗೆಎಣ್ಣೆ ಬೆಚ್ಚಗೆ ಮಾಡಿ ತೊಗಲಿಗೆ ತಿಕ್ಕೋಳಂತೆ, ಕೂಸಿಗೆ ಎಣ್ಣೆನೀರು ಹಾಕಿದಂಗೆ. ಹಿತ್ತಲಲ್ಲಿ ಬೋರಲು ಹಾಕಿ ಒಂದು ಕಡೆ ಕಲ್ಲು ಕೊಟ್ಟು ಎತ್ತಿಟ್ರೆ, ಜಡಿಮಳೆ ಬಂದಾಗ ಮೂರು ಮಕ್ಕಳೂ ಅದರಡಿಗೆ ತೂರಿ ಹುರಿದ ಶೇಂಗಾ ತಿಂತಿದ್ರಂತೆ. ಸಂಜೆ ಭರಮಣ್ಣ ದಿನವಿಡೀ ಜನ ದಾಟಿಸಿ ಬಂದು ಮುಖ ತೊಳೆದ ಅಂದ್ರೆ ಇವಳು ಹರಿಗೋಲು ತಲೆ ಮೇಲಿಟ್ಟು ತಯಾರು. ಜನ ಬಿಟ್ಟಾರಾ, ಭರಮಣ್ಣ ಬೆಳಿಗ್ಗೆಯೆಲ್ಲಾ ನೀರಲ್ಲಿ ಉಂಡದ್ದು ಸಾಲದು ಅಂತ ಸಂಜೆ ಮತ್ತೆ ನೆಕ್ಕೋಕೆ ಹೊಂಟ ಅಂತ ಆಡ್ಕೊಳ್ಳೋರು. ಆಡ್ಕೊಳ್ಳೋರ ಬಾಯಿಗೆ ಹೊಳೆ ನೀರು ಹೊಯ್ದರೂ ಮುಚ್ಚಲ್ಲ.

ಇಬ್ಬರೂ ಬಂಡೆ ಮರೆಯಿಂದ ಕದ್ದು ನಡುಮಡುವಿಗೇ ಹೋಗ್ತಿದ್ರಂತೆ. ಅಲ್ಲಿ ಕೆಂಚವ್ವ ಅನ್ನೋಳು, ಹುಟ್ಟು ಎತ್ತಿಡ್ರಿ, ತಿರುಗಲಿ ಬಿಡ್ರಿ. ಹರಿಗೋಲು ಮೆಲ್ಲಗೆ ಸುತ್ತೋದು, ತೊಗಲಿನಡಿ ನೀರು ಹರಿಯೋದು ಅಂಗಾಲಿಗೆ ತಿಳಿಯೋದು. ಭರಮಣ್ಣನಿಗೋ ಮೀಸೆಯ ಚಿಂತೆ. ಅಂಬಿಗನಾಗಿ ತಿರುಗ್ತಾ ಕೂತೀನಲ್ಲ, ಯಾರಾದ್ರೂ ಕಂಡ್ರೆ ಏನು ಗತಿ ಅಂತ ತಲೆ ಬಗ್ಗಿಸಿ ತನ್ನ ಪಾದ ನೋಡ್ಕೊಂಡೇ ಕೂತಿರೋನಂತೆ. ಒಂದೊಂದು ಸುತ್ತಿಗೂ ಕೆಂಚವ್ವ ಒಂದು ಸಲ ತನ್ನೊಳಗೇ ನಗೋಳು. ಏನು ಕಂಡೆ ಅಂದ್ರೆ, ಹೇಳಿದ್ರೆ ತಿಳಿಯಲ್ಲ, ನೋಡಬೇಕು ಅನ್ನೋಳು. ಹೇಳೇ ಅಂದ್ರೆ, ನಾಳೆ ಹೇಳ್ತೀನಿ ಅನ್ನೋಳು.

ಇನ್ನೊಂದು ಮಾತು ಮರೆತೆ. ಅವಳು ಪ್ರತಿ ಉಗಾದಿಗೆ ಮನೆಯ ಹಿತ್ತಲ ಗೋಡೆಗೆ ಸುಣ್ಣ ಕೆಮ್ಮಣ್ಣು ಬಳೀತಿದ್ಲಂತೆ. ಬೀದಿ ಕಡೆ ಗೋಡೆಗಲ್ಲ, ಹೊಳೆ ಕಡೆ ಇರೋ ಗೋಡೆಗೆ. ಕೋಲಿಗೆ ಬಟ್ಟೆ ಸುತ್ತಿ, ಏಣಿ ಹತ್ತಿ, ಗೋಡೆ ತುಂಬ ತಲೆಕೆಳಗಾದ ಒಂದು ಕೆಂಪು ಕಮಾನು ಎಳೆದು, ಅದರ ಮೇಲೆ ಸಾಲಾಗಿ ನಾಲ್ಕು ಸುಣ್ಣದ ಉಂಡೆ ಮೆತ್ತೋಳು. ಹತ್ತಿರ ನಿಂತು ನೋಡಿದ್ರೆ ಎಮ್ಮೆ ಬಂದು ಗೋಡೆಗೆ ಮೈ ಉಜ್ಜಿದಂಗೆ ಕಾಣೋದು. ಹಿತ್ತಲ ಗೋಡೆಗೆ ಸಿಂಗಾರ ಯಾಕೇ, ನೋಡೋಕೆ ಬರೋದು ಆಡು ಕುರಿ ಅಷ್ಟೇ ಅಂತ ನೆರೆಯವರು ಅಂದ್ರೆ, ನೋಡೋರು ನೋಡ್ತಾರೆ ಬಿಡ್ರೇ ಅನ್ನೋಳಂತೆ.

ಆಮೇಲೆ ಒಂದು ಮಳೆಗಾಲ ಚಳಿಜ್ವರ ಬಂತು, ಕೆಂಚವ್ವ ಮಲಗಿದೋಳು ಏಳಲಿಲ್ಲ. ನಾಳೆ ಹೇಳ್ತೀನಿ ಅಂದದ್ದು ಹಂಗೇ ಉಳೀತು. ಭರಮಣ್ಣ ಪುಟ್ಟ ಹರಿಗೋಲನ್ನ ಹಿತ್ತಲಲ್ಲಿ ಬೋರಲು ಹಾಕಿದ, ಹುಟ್ಟನ್ನ ಅಟ್ಟಕ್ಕೆಸೆದ, ತಾನು ಬೀದಿ ಜಗಲಿ ಮೇಲೆ ಹೊಳೆಗೆ ಬೆನ್ನು ಕೊಟ್ಟು ಕೂತ. ಕೂತೋನು ಕೂತೇ ಬಿಟ್ಟ. ಗಂಡುಮಕ್ಕಳಿಬ್ಬರು ಜನ ದಾಟಿಸೋ ಕೆಲಸ ನೋಡ್ಕೊಂಡ್ರು. ಹುಲಿಗಿ ರೊಟ್ಟಿ ತಟ್ಟಿ ಮುಂದಿಟ್ರೆ ಅಪ್ಪ ಒಂದು ತುತ್ತು ಮುರಿದು ಬಾಯಿಗಿಟ್ಟು, ಉಳಿದದ್ದು ನಾಯಿಗೆ ಹಾಕ್ತಿದ್ನಂತೆ. ದಿನದಿಂದ ದಿನಕ್ಕೆ ಅಪ್ಪನ ತೋಳು ಕಡ್ಡಿಯಾಗೋದು ಹುಲಿಗಿ ಕಣ್ಣಾರೆ ಕಂಡ್ಲು. ಅವ್ವ ಹೋದ್ಲು, ಅಪ್ಪನೂ ಹೊಂಟಾನೆ ಅಂತ ಒಲೆ ಮುಂದೆ ಕೂತು ಒಬ್ಬಳೇ ಅಳೋಳು.

ಅವರ ಕುಲದಲ್ಲಿ ಒಂದು ಪದ್ಧತಿ. ಸತ್ತವರ ಹರಿಗೋಲನ್ನ ವರ್ಷ ತುಂಬೋದ್ರೊಳಗೆ ಮನೆಯವರು ಯಾರಾದ್ರೂ ಏರಿ ತಮ್ಮದು ಮಾಡ್ಕೊಬೇಕು, ಇಲ್ಲದಿದ್ರೆ ವರ್ಷದ ಎಡೆ ಇಟ್ಟ ದಿನ ಸುಟ್ಟುಬಿಡಬೇಕು. ವರ್ಷ ತುಂಬೋಕೆ ಮೂರು ಸಂಜೆ ಉಳಿದಿತ್ತಂತೆ. ಭರಮಣ್ಣ ಮಕ್ಕಳನ್ನ ಕರೆದು, ನಿಮ್ಮವ್ವ ಆ ಹರಿಗೋಲಲ್ಲಿ ದಿನಾ ಏನೋ ಒಂದು ಪಡೀತಿದ್ಲು, ಏನು ಅಂತ ನನಗೆ ಹೇಳದೇ ಹೋದ್ಲು, ಅದನ್ನ ಯಾರು ತಂದ್ಕೊಡ್ತೀರೋ ಅವರಿಗೆ ಹರಿಗೋಲು, ತರದಿದ್ರೆ ಸುಡೋದೇ ಸೈ ಅಂದ್ನಂತೆ. ನಡುಮಡುವಿಗೆ ಹೋಗ್ತಿದ್ವಿ ಅಂತ ಮಾತ್ರ ಬಾಯಿ ಬಿಡಲಿಲ್ಲ. ಪ್ರಾಣ ಹೋಗ್ತಿದ್ರೂ ಮೀಸೆ ಅಡ್ಡ ಬಂತು ನೋಡು. ಗಂಡಸರ ಬುದ್ಧಿ.

ಆ ಹರಿಗೋಲು ಸುಟ್ಟ ದಿನ ಅಪ್ಪನೂ ಉಳಿಯಲ್ಲ ಅಂತ ಹುಲಿಗಿಗೆ ಖಾತ್ರಿಯಾಯ್ತು.

ಮೊದಲನೇ ಸಂಜೆ ಕರಿಯಪ್ಪ ಹೋದ. ನೂಲು ಹಿಡಿದಂಗೆ ಆ ದಡಕ್ಕೆ ಹೋಗಿ, ಬಲೆ ಬೀಸಿ, ಮೊಳದುದ್ದದ ಮೀನು ತಂದು ಅಪ್ಪನ ಮುಂದಿಟ್ಟ. ಭರಮಣ್ಣ ನೋಡಿ, ಮೀನು ತರೋಕೆ ದೊಡ್ಡ ಹರಿಗೋಲೇ ಇತ್ತಲ್ಲೋ ಮಗನೇ ಅಂದು ಮುಖ ತಿರುಗಿಸಿದ. ಎರಡನೇ ಸಂಜೆ ಜಡೆಯಪ್ಪ ಹೋದ. ಅವನೂ ನೂಲು ಹಿಡಿದಂಗೆ ನಡುಗಡ್ಡೆಗೆ ಹೋಗಿ, ಮುಳ್ಳು ತರಚಿಸ್ಕೊಂಡು ಕೇದಗೆ ಹೂವು ಕಿತ್ತು ತಂದ. ಭರಮಣ್ಣ ಮೂಸಿ ನೋಡಿ, ನಿಮ್ಮವ್ವ ಬರೋವಾಗ ಕೈ ಖಾಲಿ ಇರ್ತಿತ್ತೋ ಅಂದ. ಜಡೆಯಪ್ಪನ ಕಣ್ಣಲ್ಲಿ ನೀರಾಡ್ತು, ಪಾಪ.

ಮೂರನೇ ಸಂಜೆ ಹುಲಿಗಿ ಅಟ್ಟದಿಂದ ಹುಟ್ಟು ಇಳಿಸಿದ್ಲಂತೆ. ಹೆಣ್ಣುಮಗಳು ಹುಟ್ಟು ಹಾಕ್ತೀಯೇನೇ ಅಂತ ಅಣ್ಣಂದಿರು ನಕ್ರು. ಅವಳು ವರ್ಷದಿಂದ ಒಣಗಿದ್ದ ತೊಗಲಿಗೆ ಬೆಳಿಗ್ಗೇನೇ ಅವ್ವನಂಗೆ ಎಣ್ಣೆ ತಿಕ್ಕಿ ಮೆತ್ತಗೆ ಮಾಡಿಟ್ಟಿದ್ಲು. ತಲೆ ಮೇಲೆ ಬೋರಲು ಇಟ್ಕೊಂಡಾಗ ಒಳಗಿಂದ ಹೊಂಗೆಎಣ್ಣೆ ವಾಸನೆ ಬಂತು, ಅವ್ವನ ಸೆರಗಿನ ವಾಸನೆ ಅದು. ಹಂಗೂ ಹಿಂಗೂ ನೀರಿಗಿಳಿದು ಅಣ್ಣಂದಿರಂಗೇ ನೇರ ಹೋಗೋಕೆ ನೋಡಿದ್ಲು. ಎಲ್ಲಿಗೆ ಹೋಗಬೇಕು, ಏನು ತರಬೇಕು, ಒಂದೂ ಗೊತ್ತಿಲ್ಲ. ಹೊತ್ತು ಇಳೀತಾ ಇದೆ. ಕಡೆಗೆ ಹುಟ್ಟನ್ನ ತೊಡೆ ಮೇಲಿಟ್ಟು ಮುಖ ಮುಚ್ಕೊಂಡು ಅತ್ತುಬಿಟ್ಲಂತೆ.

ಅವಳು ಅಳ್ತಾ ಕೂತ್ರೆ ಹೊಳೆ ಸುಮ್ನೆ ಕೂತೀತಾ. ಹರಿಗೋಲನ್ನ ಮೆಲ್ಲಗೆ ತೇಲಿಸ್ಕೊಂಡು ಬಂಡೆ ಬಳಸಿ ನಡುಮಡುವಿಗೆ ತಂದುಬಿಡ್ತು. ಹರಿಗೋಲು ಸುತ್ತೋಕೆ ಶುರುವಾಯ್ತು. ಹುಲಿಗಿ ಗಾಬರಿಯಾಗಿ ಹುಟ್ಟು ಹಿಡಿದ್ಲು, ಅಂಬಿಗರ ಮಗಳು ತಿರುಗ್ತಾ ಕೂತಾಳೆ ಅಂತ ಊರು ನಗ್ತದಲ್ಲಪ್ಪ ಅಂತ. ಆದ್ರೆ ಅಂಗಾಲಿನಡಿ ನೀರು ಹರಿಯೋದು ತಿಳೀತು. ಎಷ್ಟು ಹಿತ ಅಂದ್ರೆ, ವರ್ಷದಿಂದ ಬಿಗಿದಿದ್ದ ಎದೆ ಸಡಿಲಾಯ್ತು. ನಗೋರು ನಗಲಿ ಅಂತ ಹುಟ್ಟು ಎತ್ತಿಟ್ಲು. ತಿರುಗ್ತಾ ಬೆಟ್ಟ ಬಂತು, ಬೆಟ್ಟ ಹೋಯ್ತು. ಬೆಳ್ಳಕ್ಕಿ ಕೂತ ಬಂಡೆ ಬಂತು, ಅದೂ ಹೋಯ್ತು. ಆಮೇಲೆ ಎರಡು ದೊಡ್ಡ ಬಂಡೆಗಳ ಸಂದೀಲಿ ಒಂದು ಪುಟ್ಟ ಮನೆ ಬಂತು. ಸಂಜೆ ಬಿಸಿಲು ಅದರ ಹಿತ್ತಲ ಗೋಡೆ ಮೇಲೇ ಬಿದ್ದಿತ್ತು.

ಯಾರ ಮನೆ ಹೇಳು? ಹಾಂ, ಅವರದೇ. ಗೋಡೆ ಮೇಲೆ ಏನು ಕಾಣ್ತು ಅಂತ ಈಗಲೇ ಹೇಳಲ್ಲ, ಸುಮ್ನಿರು.

ಹುಲಿಗಿ ಓಡೋಡ್ತಾ ಮನೆಗೆ ಬಂದ್ಲು, ಕೈ ಖಾಲಿ, ಮೈಯೆಲ್ಲಾ ನೀರು. ಏನು ತಂದೆ ಮಗಳೇ ಅಂದ ಅಪ್ಪ. ಏನೂ ತಂದಿಲ್ಲ ಯಪ್ಪಾ, ತರೋಕೆ ಬರಲ್ಲ, ಹೇಳಿದ್ರೆ ತಿಳಿಯಲ್ಲ, ನೋಡಬೇಕು ಅಂದ್ಲು. ಭರಮಣ್ಣ ಬೆಚ್ಚಿಬಿದ್ದ. ಅವೇ ಮಾತು. ಹೆಂಡತಿ ಅವನಿಗೊಬ್ಬನಿಗೇ ಹೇಳ್ತಿದ್ದ ಮಾತು ಮಗಳ ಬಾಯಲ್ಲಿ ಬಂತು. ಎಲ್ಲಿಗೆ ಹೋಗಿದ್ದೆ ಅಂದ. ನಡುಮಡುವಿಗೆ ಅಂದ್ಲು. ವರ್ಷದಿಂದ ಜಗಲಿ ಬಿಟ್ಟೇಳದ ಮನುಷ್ಯ ಗೋಡೆ ಹಿಡ್ಕೊಂಡು ಎದ್ದು ನಿಂತ್ನಂತೆ.

ಹೊತ್ತು ಮುಳುಗೋಕೆ ಇನ್ನೂ ಒಂದು ಚೂರು ಇತ್ತು. ಮಗಳು ಹುಟ್ಟು ಹಾಕಿದ್ಲು, ಅಪ್ಪ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರಿಗೆ ಕೂತ. ಜಗಲಿ ಬಿಟ್ಟೆದ್ದ ಭರಮಣ್ಣನ್ನ ನೋಡೋಕೆ ಜನ ದಡ ಹಿಡಿದು ಬಂಡೆಗಳ ತನಕ ಹಿಂದೆ ಬಂದಿದ್ರು, ಅಣ್ಣಂದಿರೂ ಬಂದಿದ್ರು. ನಡುಮಡು ಬಂತು, ಹುಲಿಗಿ ಹುಟ್ಟು ಎತ್ತಿಟ್ಲು. ಹರಿಗೋಲು ತಿರುಗಿತು. ಭರಮಣ್ಣ ಹಳೇ ರೂಢಿಯಂಗೆ ತಲೆ ಬಗ್ಗಿಸಿ ಪಾದ ನೋಡ್ಕೊಂಡ. ಒಂದು ಸುತ್ತು ಹೋಯ್ತು. ತಲೆ ಎತ್ತು ಯಪ್ಪಾ ಅಂದ್ಲು ಮಗಳು. ಎತ್ತಿದ, ಕಣ್ಣು ತುಂಬಿ ಏನೂ ಕಾಣಲಿಲ್ಲ. ಎರಡನೇ ಸುತ್ತೂ ಹೋಯ್ತು. ಮೂರನೇ ಸುತ್ತಿಗೆ ತೋಳಲ್ಲಿ ಕಣ್ಣೊರೆಸ್ಕೊಂಡು ನೋಡಿದ.

ಬಂಡೆಗಳ ಸಂದೀಲಿ ಅವನ ಮನೆ. ಅಷ್ಟು ದೂರದಿಂದ ಆ ಕೆಂಪು ಕಮಾನು ಕಮಾನಾಗಿರಲಿಲ್ಲ, ದುಂಡನೆ ಹರಿಗೋಲಾಗಿತ್ತು. ಆ ಸುಣ್ಣದ ಉಂಡೆಗಳು ಉಂಡೆಗಳಾಗಿರಲಿಲ್ಲ, ಹರಿಗೋಲಲ್ಲಿ ಕೂತ ಮಂದಿಯಾಗಿದ್ವು. ಒಂದು ದೊಡ್ಡದು, ಪಕ್ಕದಲ್ಲಿ ಮೂರು ಸಣ್ಣವು. ಭರಮಣ್ಣ ಎಣಿಸಿದ. ಇದು ನಾನು, ಇದು ಕರಿಯ, ಇದು ಜಡೆಯ, ಇದು ನೀನು ಅಂದ. ಆಮೇಲೆ ಇನ್ನೊಂದು ಸಲ ಎಣಿಸಿ ಕೇಳಿದ್ನಂತೆ. ನಿಮ್ಮವ್ವ ಎಲ್ಲೇ? ಎಲ್ಲರನ್ನೂ ಬರೆದು ತನ್ನನ್ನೇ ಬರ್ಕೊಂಡಿಲ್ಲವಲ್ಲೇ?

ಹುಲಿಗಿ ಅಂದ್ಲು, ಅವ್ವ ಇಲ್ಲಿ ಕೂತು ನೋಡ್ತಿದ್ಲಲ್ಲ ಯಪ್ಪಾ. ನೀನೀಗ ಕೂತೀಯಲ್ಲ, ಅಲ್ಲಿ.

ಭರಮಣ್ಣ ಕೂತ ಜಾಗವನ್ನ ಕೈಯಿಂದ ಮುಟ್ಟಿ ನೋಡ್ಕೊಂಡ. ಆಮೇಲೆ ಅತ್ತ ನೋಡು, ವರ್ಷದಿಂದ ಅಳದೇ ಇಟ್ಕೊಂಡಿದ್ದೆಲ್ಲಾ ಅತ್ತ. ಊರೆಲ್ಲಾ ನೋಡ್ತಿತ್ತು, ಮೀಸೆ ನೆನಪಾಗಲಿಲ್ಲ. ಅಷ್ಟು ದಿನ ಎದುರಿಗೇ ಇತ್ತಲ್ಲೇ ಮಗಳೇ, ತಲೆ ಎತ್ತಿದ್ರೆ ಕಾಣೋದಲ್ಲೇ ಅಂದ್ನಂತೆ. ಮಗಳು ಅವನ ಮೊಣಕಾಲು ಹಿಡ್ಕೊಂಡು ಕೂತ್ಲು. ಹೊತ್ತು ಮುಳುಗೋವರೆಗೂ ಇಬ್ಬರೂ ತಿರುಗಿದ್ರು. ಮನೆಗೆ ಬಂದೋನು ಎರಡು ರೊಟ್ಟಿ ತಿಂದ, ಮೂರನೇದು ಕೇಳಿದ.

ಆಮೇಲೆ ಏನಾಯ್ತು, ಹರಿಗೋಲು ಸುಡಲಿಲ್ಲ, ಹುಲಿಗಿಯದಾಯ್ತು. ಸಂಜೆಗೊಬ್ಬರಂತೆ ಅಣ್ಣಂದಿರನ್ನೂ ಕೂರಿಸ್ಕೊಂಡು ಹೋದ್ಲು, ಅವರೂ ನೋಡಿ ಬಂದ್ರು. ಬರಬರ್ತಾ ಊರಲ್ಲಿ ಮನೆಗೊಂದು ಎಲ್ಲಿಗೂ ಹೋಗದ ಹರಿಗೋಲು ಆಯ್ತಂತೆ, ಸಂಜೆಯಾದ್ರೆ ಅಂಬಿಗರು ಹೆಂಡಿರು ಮಕ್ಕಳ ಸಮೇತ ನಡುಮಡುವಲ್ಲಿ ನಾಚಿಕೆ ಬಿಟ್ಟು ತಿರುಗ್ತಿದ್ರಂತೆ. ಅವರವರ ಹಿತ್ತಲ ಗೋಡೆಗೂ ಬಣ್ಣ ಬಂತು. ಹುಲಿಗಿ ಪ್ರತಿ ಉಗಾದಿಗೆ ಅವ್ವನ ಗೋಡೆಗೆ ಮತ್ತೆ ಸುಣ್ಣ ಕೆಮ್ಮಣ್ಣು ಬಳಿಯೋಳು, ಭರಮಣ್ಣ ಕೆಳಗೆ ಏಣಿ ಹಿಡ್ಕೊಳ್ಳೋನು.

ಏನಂದೆ? ಅವ್ವನ್ನೂ ಬರೆದಳಾ ಅಂತಲಾ? ಇಲ್ಲ ನನ್ನ ಕೂಸೇ, ನಾಲ್ಕೇ ಉಂಡೆ ಬರೆದ್ಲು. ಹೂಂ, ಇನ್ನು ಕಣ್ಣು ಮುಚ್ಚು. ಹರಿಗೋಲು ದಡಕ್ಕೆ ಬಂತು, ಬೋರಲು ಹಾಕಿದ್ದಾಯ್ತು, ಇಲ್ಲಿಗೆ ನಮ್ಮ ಕತೆನೂ ಮುಗೀತು.